ಆ ಊರಿನ ಹೆಸರೇ ‘ರಾಜಿ’!

ಊರಿಗೆ ಫೋನ್ ಮಾಡಿದಾಗಲೆಲ್ಲ ಅವ್ವ ಕೇಳುವುದು ಒಂದೇ ಪ್ರಶ್ನೆ: ‘ಅಮೆರಿಕ ಹೆಂಗೈತಿ?’ ‘ನಮ್ಮ ಹೊಲ ಇದ್ದಂಗ ಐತಿ’ ಅಂದರೆ ನಂಬುವುದಿಲ್ಲ. ಆದರೆ ನಾನು ಸುಳ್ಳು ಹೇಳುತ್ತಿಲ್ಲ. ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಎಂ.ಎಸ್. ಓದಲು ಬಂದ ನನಗೆ ಗಗನಚುಂಬಿ ಕಟ್ಟಡಗಳಿಗಿಂತ ಹೆಚ್ಚು ಕಂಡದ್ದು ಗೋವಿನಜೋಳ ಮತ್ತು ಸೋಯಾಬೀನ್. ಹಾವೇರಿ ಜಿಲ್ಲೆಯವನಿಗೆ ಗೋವಿನಜೋಳ ನೋಡಲು ಇಷ್ಟು ದೂರ ಬರಬೇಕಿತ್ತೇ ಎಂದು ಗೆಳೆಯರು ಈಗಲೂ ಕಾಲೆಳೆಯುತ್ತಾರೆ.

ಹೊಲಗಳಿಂದ ಬಸಿದು ಬರುವ ನೀರಿನಲ್ಲಿ ಎಷ್ಟು ನೈಟ್ರೇಟ್ ಇದೆ ಎಂದು ಅಳೆಯುವ ಒಂದು ಸಂಶೋಧನೆಯಲ್ಲಿ ನನಗೆ ಪಾರ್ಟ್‌ಟೈಮ್ ಕೆಲಸ ಸಿಕ್ಕಿತ್ತು. ವಾರಕ್ಕೊಮ್ಮೆ ಹೋಗಿ ಬಾಟಲಿಯಲ್ಲಿ ನೀರು ಹಿಡಿದು ತರಬೇಕು. ಮೊದಲ ದಿನ ಮೊಬೈಲ್ ತೋರಿಸಿದ ದಾರಿಯಲ್ಲಿ ಹೋಗುತ್ತಿದ್ದಾಗ ಪರದೆಯ ಮೇಲೆ ಬಂದ ಹೆಸರು ನೋಡಿ ನಕ್ಕುಬಿಟ್ಟೆ: ಕಾಂಪ್ರಮೈಸ್ ಟೌನ್‌ಶಿಪ್. ಅಂದರೆ ‘ರಾಜಿ’. ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬಾರದ ಪದ!

ಟೌನ್‌ಶಿಪ್ ಎಂದರೆ ಬಡಾವಣೆ ಅಲ್ಲ. 1785ರಲ್ಲಿ ಅಲ್ಲಿನ ಸರ್ಕಾರ ಹೊಸ ಭೂಮಿಯನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಅಳೆಯಲು ಕಾನೂನು ಮಾಡಿತು. ಒಂದೊಂದು ಚೌಕದಲ್ಲಿ 640 ಎಕರೆಯ 36 ತುಂಡು, ಅದರಲ್ಲಿ 16ನೆಯದು ಶಾಲೆಗೆ. ಆ ಅಳತೆಯ ಸುತ್ತ ಬೆಳೆದ ಸ್ಥಳೀಯ ಆಡಳಿತ ಇದು. ನಮ್ಮ ಗ್ರಾಮ ಪಂಚಾಯ್ತಿಯ ತಮ್ಮ ಅನ್ನಿ. ಇಲಿನಾಯ್‌ನಲ್ಲಿ ಅದರ ಮುಖ್ಯ ಕೆಲಸ ಮೂರೇ: ರಸ್ತೆ, ಆಸ್ತಿಯ ಮೌಲ್ಯಮಾಪನ, ಬಡವರಿಗೆ ನೆರವು.

ಈ ಟೌನ್‌ಶಿಪ್‌ನೊಳಗೆ ಗಿಫರ್ಡ್ ಎಂಬ ಹಳ್ಳಿ ಇದೆ, ಸಾವಿರ ಜನರೂ ಇಲ್ಲ. ಮಕ್ಕಳು ಹೈಸ್ಕೂಲಿಗೆ ಪಕ್ಕದ ರಾಂಟೂಲ್‌ಗೆ ಹೋಗಬೇಕು. 2013ರ ನವೆಂಬರ್ 17, ಭಾನುವಾರ, ಸುಂಟರಗಾಳಿ ಊರಿನ ಮನೆಗಳನ್ನು ಕಿತ್ತು ಎಸೆಯಿತು. ಅದೃಷ್ಟ, ಅಲ್ಲಿ ಯಾರೂ ಸಾಯಲಿಲ್ಲ. ಇನ್ನೊಂದು ಪೆನ್‌ಫೀಲ್ಡ್. ಬೇಸಿಗೆಯಲ್ಲಿ ಅಲ್ಲಿ ಹಳೇ ಟ್ರ್ಯಾಕ್ಟರ್‌ಗಳ ಜಾತ್ರೆ ನಡೆಯುತ್ತದೆ. ಮತ್ತೊಂದು ಫ್ಲಾಟ್‌ವಿಲ್. ಹೆಸರಿಗೆ ತಕ್ಕಂತೆ ಚಪ್ಪಟೆ ನೆಲ, ಅದರ ನಡುವೆ ದೊಡ್ಡ ಲುಥೆರನ್ ಚರ್ಚ್. ಮೈಲುಗಟ್ಟಲೆ ದೂರದಿಂದಲೂ ಅದರ ಗೋಪುರ ಕಾಣುತ್ತದೆ. ಮೊದಮೊದಲು ದಾರಿ ತಪ್ಪಿದಾಗಲೆಲ್ಲ ಅದೇ ನನ್ನ ಗುರುತುಕಲ್ಲು.

ಅಲ್ಲಿನ ಮಣ್ಣು ಕಡುಕಪ್ಪು. ನಮ್ಮ ಎರೆಮಣ್ಣೇ ಅಂದುಕೊಂಡೆ. ಆದರೆ ಒಂದೂವರೆ ಶತಮಾನದ ಹಿಂದೆ ಅದು ಹೊಲವೇ ಆಗಿರಲಿಲ್ಲ, ಜೌಗು. ಜರ್ಮನಿಯ ಸಮುದ್ರ ದಂಡೆಯ ತಗ್ಗು ನಾಡಿನಿಂದ ಬಂದವರು ಫ್ಲಾಟ್‌ವಿಲ್ ಸುತ್ತ ನೆಲೆ ನಿಂತರು. ಕಾಲುವೆ ತೋಡುವುದು ಅವರಿಗೆ ಹೊಸದಲ್ಲ. ಮೂರ್ನಾಲ್ಕು ಅಡಿ ಆಳದಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ ನೀರು ಬಸಿದರು. ಈಗ ಅದೇ ಕೆಲಸಕ್ಕೆ ತೂತಿನ ಪ್ಲಾಸ್ಟಿಕ್ ಪೈಪು. ಮೇಲೆ ನಿಂತವರಿಗೆ ಏನೂ ಕಾಣದು. ಕೆಳಗೆ ಮಾತ್ರ ನೀರು ಹರಿಯುತ್ತಲೇ ಇರುತ್ತದೆ.

ನಾನು ನೀರು ಹಿಡಿಯುತ್ತಿದ್ದ ಹೊಲದ ಯಜಮಾನರು ಎಪ್ಪತ್ತು ದಾಟಿದವರು. ಅವರ ಪೈಪು ಪಕ್ಕದವರ ಹೊಲ ದಾಟಿ ದೊಡ್ಡ ಕಾಲುವೆ ಸೇರುತ್ತದೆ. ‘ಅವರು ಬಿಟ್ಟರಾ?’ ಎಂದು ಕೇಳಿದೆ. ‘ಅವನ ರಾಜಕೀಯ ನನಗೆ ಆಗಲ್ಲ, ಅವನ ನಾಯಿಯೂ ಆಗಲ್ಲ. ಪೈಪು ಮಾತ್ರ ಇಬ್ಬರದೂ ಒಂದೇ’ ಎಂದು ನಕ್ಕರು. ಮೇಲಿನ ಹೊಲದಿಂದ ಸಹಜವಾಗಿ ಇಳಿಯುವ ನೀರನ್ನು ಕೆಳಗಿನವನು ತಡೆಯುವಂತಿಲ್ಲ ಎನ್ನುವುದು ಇಲಿನಾಯ್‌ನ ಕಾನೂನು. ಅದರ ಜೊತೆಗೆ ರೈತರು ಕೂಡಿ ಬಸಿಗಾಲುವೆ ಸಂಘದಂಥ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಯಾರಿಗೆ ಎಷ್ಟು ಲಾಭವೋ ಅಷ್ಟು ಹಣ ಕಟ್ಟಬೇಕು.

ನಾನು ಆ ದಿನ ಬಾಟಲಿಯ ಮುಚ್ಚಳ ಹಾಕುವುದನ್ನೇ ಮರೆತೆ. ಯಾಕೆಂದರೆ ನಮ್ಮ ಹೊಲ ಮೇಲೆ, ದೊಡ್ಡಪ್ಪನದು ಕೆಳಗೆ. 2019ರ ಆಗಸ್ಟ್ ಮಳೆಗೆ ನಮ್ಮ ನೀರು ನುಗ್ಗಿ ಅವರ ಹತ್ತಿ ಹೋಯಿತು. ಮರುವರ್ಷ ಅವರು ಬದು ಎತ್ತರಿಸಿದರು. ನೀರು ನಿಂತು ನಮ್ಮ ಗೋವಿನಜೋಳ ಕೊಳೆಯಿತು. ಅಪ್ಪ ಕೋರ್ಟಿಗೆ ಹೋದರು. ನಾನು ಅಮೆರಿಕಕ್ಕೆ ಹೊರಟ ದಿನ ಓಣಿಯೆಲ್ಲ ಬಸ್‌ಸ್ಟ್ಯಾಂಡಿಗೆ ಬಂದಿತ್ತು. ನನಗೆ ಟ್ರ್ಯಾಕ್ಟರ್ ಕಲಿಸಿದ ದೊಡ್ಡಪ್ಪ ಬರಲಿಲ್ಲ.

ಇಲಿನಾಯ್‌ನಲ್ಲಿ ಏಪ್ರಿಲ್‌ನ ಎರಡನೇ ಮಂಗಳವಾರ ಟೌನ್‌ಶಿಪ್‌ಗಳ ವಾರ್ಷಿಕ ಸಭೆ. ಮತದಾರರೇ ಕೂತು ಕೈಯೆತ್ತಿ ತೀರ್ಮಾನಿಸುತ್ತಾರೆ. ಯಜಮಾನರ ಜೊತೆ ನಾನೂ ಹೋದೆ, ಹಿಂದಿನ ಕುರ್ಚಿಯಲ್ಲಿ ಕೂತೆ. ಬೆರಳೆಣಿಕೆಯ ಜನ, ಹೆಚ್ಚಿನವರು ತಲೆ ನೆರೆತವರು. ರಸ್ತೆಯಡಿಯ ಒಂದು ಮೋರಿಯ ಬಗ್ಗೆಯೇ ಅರ್ಧ ಗಂಟೆ ಮಾತು. ನಿಜ ಹೇಳಬೇಕೆಂದರೆ ಬೇಸರವಾಯಿತು. ವಿದೇಶಿಯಾದ ನನಗೆ ಕೈಯೆತ್ತುವ ಹಕ್ಕಿರಲಿಲ್ಲ. ಹಕ್ಕಿರುವ ನನ್ನ ಊರಿನ ಗ್ರಾಮಸಭೆಗೆ ಒಮ್ಮೆಯೂ ಹೋಗಿಲ್ಲ ಎನ್ನುವುದು ಆಗ ನೆನಪಾಯಿತು. ನನ್ನ ಮಟ್ಟಿಗೆ ಗ್ರಾಮಸಭೆ ಎಂದರೆ ಸಹಿಗಾಗಿ ಮನೆ ಬಾಗಿಲಿಗೆ ಬರುವ ಒಂದು ಪುಸ್ತಕ!

ಅಲ್ಲಿ ಎಲ್ಲ ಸರಿ ಇದೆ ಎಂದು ಹೇಳುತ್ತಿಲ್ಲ. ಯಜಮಾನರ ಮಕ್ಕಳಿಬ್ಬರೂ ಷಿಕಾಗೊದಲ್ಲಿದ್ದಾರೆ, ಹೊಲಕ್ಕೆ ಬರುವವರಲ್ಲ. ಜೊತೆಗೆ, ಇವರೆಲ್ಲ ರಾಜಿಯಾಗಿ ಸಾಗಹಾಕುವ ನೀರು ವರ್ಮಿಲಿಯನ್, ವಬಾಷ್, ಒಹಾಯೊ ನದಿಗಳನ್ನು ಹಾದು ಮಿಸಿಸಿಪ್ಪಿ ಸೇರುತ್ತದೆ. ಹೊಲದ ಗೊಬ್ಬರವೂ ಅದರೊಂದಿಗೆ ಸಮುದ್ರಕ್ಕೆ ಹೋಗಿ, ಪ್ರತಿ ಬೇಸಿಗೆ ಮೆಕ್ಸಿಕೊ ಕೊಲ್ಲಿಯ ದೊಡ್ಡ ಭಾಗದಲ್ಲಿ ಮೀನು ಬದುಕಲಾರದಷ್ಟು ಆಮ್ಲಜನಕ ಕಡಿಮೆಯಾಗುತ್ತದೆ. ಕಟ್ಟಕಡೆಯ ಕೆಳಗಿನ ಹೊಲ ಆ ಮೀನುಗಾರರದು. ಅವರನ್ನು ಯಾವ ಸಭೆಗೂ ಕರೆದಿಲ್ಲ. ನನ್ನ ಬಾಟಲಿಗಳಿಗೆ ಕೆಲಸ ಸಿಕ್ಕಿದ್ದೂ ಇದೇ ಕಾರಣಕ್ಕೆ.

ಸಭೆಯಿಂದ ಬಂದ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಕೆಳಗಿನ ಬದುವಿನಡಿ ಪೈಪು ಹಾಕಿ ಹಳ್ಳದವರೆಗೆ ಒಯ್ದರೆ ಹೇಗೆ ಎಂದೆ. ದೊಡ್ಡಪ್ಪನ ಹೊಲದೊಳಗಿಂದಲೇ ಹೋಗಬೇಕು, ಅರ್ಧ ಖರ್ಚು ನಮ್ಮದು ಎಂದೂ ಸೇರಿಸಿದೆ.

‘ಅಲ್ಲಿ ಸಾಲಿ ಕಲಿಯಾಕ ಹೋಗಿಯೋ, ಗಟಾರ ನೋಡಾಕ ಹೋಗಿಯೋ?’ ಅಪ್ಪ ರೇಗಿದರು. ನಾನು ಸುಮ್ಮನಿದ್ದೆ. ಆ ಕಡೆಯಿಂದ ಟಿ.ವಿ. ಸದ್ದು ಮಾತ್ರ ಕೇಳುತ್ತಿತ್ತು. ಕಡೆಗೆ ಕೇಳಿದರು: ‘ಎಷ್ಟ್ ಫೂಟ್ ಆಕ್ಕೈತಿ?’

ಈಗ ಓದು ಮುಗಿಯುತ್ತಾ ಬಂದಿದೆ. ಕಂಪನಿಗಳಿಗೆ ಅರ್ಜಿ ಹಾಕಿ ಹಾಕಿ ಸಾಕಾಗಿದೆ. ಅದರ ನಡುವೆಯೇ ಕೂತು ಎರಡೂ ಹೊಲದ ಇಳಿಜಾರು ಗುರುತಿಸಿ, ಪೈಪಿನ ಗೆರೆ ಎಳೆದು ಒಂದು ನಕ್ಷೆ ಮಾಡಿದೆ. ಅಪ್ಪನಿಗೆ ವಾಟ್ಸ್ಆ್ಯಪ್ ಮಾಡಿದೆ. ದೊಡ್ಡಪ್ಪನ ಮಗನಿಗೂ ಕಳಿಸಿದೆ, ‘ಅಣ್ಣಾ, ಇದನ್ನ ದೊಡ್ಡಪ್ಪಗ ತೋರ್ಸು’ ಎಂದು. ಐದು ವರ್ಷದ ಮೇಲೆ ಅವನಿಗೆ ಕಳಿಸಿದ ಮೊದಲ ಮೆಸೇಜು ಅದು. ಅಣ್ಣ ನೋಡಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.