ಮೊದಲು ಮಗುವಿನ ವಯಸ್ಸು, ಆಮೇಲೆ ಹಡಗು

ರಾಯಲ್ ಕೆರಿಬಿಯನ್ ಕಂಪನಿಯ ‘ಐಕಾನ್ ಆಫ್ ದಿ ಸೀಸ್’ 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನಕ್ಕೆ ಹೊರಟಿತು. ಇಪ್ಪತ್ತು ಡೆಕ್, ಏಳು ಈಜುಕೊಳ, ಆರು ನೀರಿನ ಜಾರುಬಂಡಿ, ಒಂದು ಐಸ್ ಸ್ಕೇಟಿಂಗ್ ಅಂಗಳ. ಪೂರ್ತಿ ತುಂಬಿದರೆ 7,600 ಪ್ರಯಾಣಿಕರು. ಜಾಹೀರಾತು ನೋಡಿದ ಅಪ್ಪ ಅಮ್ಮ ಮರುಳಾಗುವುದು ಸಹಜ. ಆದರೆ ಇನ್ನೂ ಡೈಪರ್ ಬಿಡದ ಎರಡೂವರೆ ವರ್ಷದ ಮಗುವಿಗೆ ಆ ದೊಡ್ಡ ಕೊಳಗಳಲ್ಲಿ ಒಂದಕ್ಕೂ ಇಳಿಯುವ ಹಾಗಿಲ್ಲ. ಕೂಸುಗಳಿಗೆಂದೇ ಬಿಟ್ಟ ಪುಟ್ಟ ಕಾರಂಜಿಯ ಜಾಗವೊಂದೇ ಅದರ ಪಾಲಿನ ಸಮುದ್ರ. ಮಕ್ಕಳ ಕ್ಲಬ್ಬಿಗೂ ಪ್ರವೇಶವಿಲ್ಲ. ಅಲ್ಲಿಗೆ ಸೇರಲು ಮೂರು ತುಂಬಿರಬೇಕು, ಕಕ್ಕಸಿಗೆ ತಾನೇ ಹೋಗಲು ಕಲಿತಿರಬೇಕು.

ಕುಟುಂಬದ ಜೊತೆ ಕ್ರೂಸ್ ಹೊರಡುವವರು ಮೊದಲು ನೋಡುವುದು ಹಡಗಿನ ಗಾತ್ರ, ಎರಡನೆಯದು ದರ. ಮನೆಯ ಅತಿ ಚಿಕ್ಕ ಮಗುವಿನ ವಯಸ್ಸಿನಿಂದ ಲೆಕ್ಕ ಶುರು ಮಾಡಿದರೆ ಮಾತ್ರ ಕಂಪನಿ ಕಂಪನಿಗೆ ಇರುವ ನಿಜವಾದ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಕ್ರೂಸ್ ಕಂಪನಿಗಳ ಒಕ್ಕೂಟವಾದ ಸಿಎಲ್‌ಐಎ ಲೆಕ್ಕದಲ್ಲಿ 2024ರಲ್ಲಿ ಸುಮಾರು 3.46 ಕೋಟಿ ಜನ ಸಮುದ್ರಯಾನ ಮಾಡಿದ್ದಾರೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಊರಿನಿಂದ ಬಂದ ಅಜ್ಜಿ ತಾತನನ್ನು ಕರೆದುಕೊಂಡು ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಿಂದಲೋ ಫ್ಲಾರಿಡಾದ ಪೋರ್ಟ್ ಕೆನವೆರಲ್‌ನಿಂದಲೋ ಹಡಗು ಹತ್ತುವುದು ಈಗ ಹೊಸ ಸಂಗತಿಯಲ್ಲ. ಪೆಟ್ಟಿಗೆ ಒಂದೇ ಸಲ ಬಿಚ್ಚಿದರೆ ಸಾಕು, ಮಂಡಿನೋವಿನ ತಾತನಿಗೆ ಲಿಫ್ಟ್ ಇದೆ, ಮೂರು ಹೊತ್ತು ಅಡುಗೆಯ ಚಿಂತೆಯಿಲ್ಲ. ಮೂರು ತಲೆಮಾರಿನವರು ಒಟ್ಟಿಗೆ ಹೋಗಿ ಜಗಳವಾಡದೆ ಬರಲು ಇಷ್ಟು ಅನುಕೂಲವಾದ ಪ್ರವಾಸ ಬೇರೆ ಕಡಿಮೆ.

ಕ್ಲಬ್ಬುಗಳ ವಿಷಯಕ್ಕೇ ಮೊದಲು ಬರೋಣ. 1998ರಲ್ಲಿ ‘ಡಿಸ್ನಿ ಮ್ಯಾಜಿಕ್’ ಹಡಗಿನೊಂದಿಗೆ ಈ ವ್ಯಾಪಾರಕ್ಕಿಳಿದ ಡಿಸ್ನಿ ಕ್ರೂಸ್ ಲೈನ್‌ನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗಿನ ಕೂಸುಗಳಿಗೆ ನರ್ಸರಿ ಇದೆ. ಅದು ಉಚಿತವಲ್ಲ, ಗಂಟೆ ಲೆಕ್ಕದಲ್ಲಿ ಹಣ ಕೊಟ್ಟು ಮುಂಚಿತವಾಗಿ ಕಾದಿರಿಸಬೇಕು. ಮೂರರಿಂದ ಹತ್ತು ವರ್ಷದವರಿಗೆ ‘ಓಶನಿಯರ್ ಕ್ಲಬ್’. ಇದಕ್ಕೆ ಶುಲ್ಕವಿಲ್ಲ, ಸಾಮಾನ್ಯವಾಗಿ ನಡುರಾತ್ರಿಯವರೆಗೂ ತೆರೆದಿರುತ್ತದೆ. ಬಾಗಿಲಲ್ಲೇ ಕೈ ತೊಳೆಯುವ ಯಂತ್ರವಿದೆ. ಮಗು ಎರಡೂ ಕೈಗಳನ್ನು ಅದರ ತೂತುಗಳಿಗೆ ತೂರಿಸಿ, ನೀರು ಸುತ್ತಿ ತೊಳೆದ ಮೇಲೆಯೇ ಒಳಗೆ ಹೋಗಬೇಕು. ಮನೆಯಲ್ಲಿ ಹತ್ತು ಸಲ ಹೇಳಿದರೂ ಕೈ ತೊಳೆಯದ ಮಕ್ಕಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ.

ರಾಯಲ್ ಕೆರಿಬಿಯನ್‌ನ ‘ಅಡ್ವೆಂಚರ್ ಓಶನ್’ ಕೂಡ ಮೂರು ವರ್ಷದಿಂದಲೇ ಶುರು. ಆದರೆ ರಾತ್ರಿ ಹತ್ತರ ನಂತರ ಮಗುವನ್ನು ಅಲ್ಲೇ ಬಿಟ್ಟರೆ ಗಂಟೆಗಿಷ್ಟು ಎಂದು ಹಣ ಕೊಡಬೇಕು. ಕಾರ್ನಿವಲ್ ಕಂಪನಿಯದು ಇನ್ನೊಂದು ದಾರಿ. ಅದರ ‘ಕ್ಯಾಂಪ್ ಓಶನ್’ ಎರಡು ವರ್ಷದ ಮಕ್ಕಳನ್ನೂ ಶುಲ್ಕವಿಲ್ಲದೆ ಸೇರಿಸಿಕೊಳ್ಳುತ್ತದೆ, ಡೈಪರ್ ಬದಲಿಸುವ ಕೆಲಸವನ್ನೂ ಅಲ್ಲಿನ ಸಿಬ್ಬಂದಿಯೇ ಮಾಡುತ್ತಾರೆ. ಎರಡು ವರ್ಷದ ಮಗುವಿನ ತಾಯಿಗೆ ದಿನದಲ್ಲಿ ಎರಡು ಗಂಟೆ ನಿದ್ದೆ ಸಿಗುವುದೆಂದರೆ ಅದು ಜಾರುಬಂಡಿ, ರೋಲರ್ ಕೋಸ್ಟರ್‌ಗಳಿಗಿಂತ ದೊಡ್ಡ ಸೌಲಭ್ಯ. ತಮಾಷೆಯೆಂದರೆ, ಅದೇ ಕಾರ್ನಿವಲ್‌ನಲ್ಲಿ ಡೈಪರ್ ಕಟ್ಟಿದ ಮಗುವಿಗೆ ಕೊಳವೂ ಇಲ್ಲ, ನೀರಾಟದ ಜಾಗವೂ ಇಲ್ಲ. ಈಜಿನ ಡೈಪರ್ ಹಾಕಿಸಿದರೂ ಒಪ್ಪುವುದಿಲ್ಲ.

ಇದು ಬರೀ ಕಂಪನಿಗಳ ಬಿಗುಮಾನವಲ್ಲ. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಮುನ್ಸೂಚನೆಯಿಲ್ಲದೆ ತಪಾಸಣೆ ಮಾಡಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹಡಗು ನಪಾಸು. ಅಡುಗೆಮನೆ, ಕುಡಿಯುವ ನೀರು, ಮಕ್ಕಳ ಕೇಂದ್ರ, ಈಜುಕೊಳ ಎಲ್ಲವೂ ಈ ಪರೀಕ್ಷೆಯೊಳಗೆ ಬರುತ್ತವೆ. ಮುಚ್ಚಿದ ಜಾಗದಲ್ಲಿ ಸಾವಿರಾರು ಜನ ಒಟ್ಟಿಗೆ ಉಣ್ಣುವಾಗ ನೊರೊವೈರಸ್ ವಾಂತಿಭೇದಿ ಹರಡಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಪ್ರತಿ ಹಡಗಿನ ಅಂಕಗಳನ್ನೂ ಸಿಡಿಸಿ ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಬುಕ್ ಮಾಡುವ ಮುಂಚೆ ಅದನ್ನೊಮ್ಮೆ ನೋಡುವವರು ಕಡಿಮೆ, ನೋಡಬೇಕಾದವರು ಎಲ್ಲರೂ.

ಹತ್ತು ದಾಟಿದ ಮಕ್ಕಳ ಮನೆಗಳಲ್ಲಿ ಈ ಲೆಕ್ಕವೆಲ್ಲ ಅಡಿಮೇಲು. ಮಿಕ್ಕಿ ಮೌಸ್ ಕಂಡರೆ ಮುಖ ತಿರುಗಿಸುವ ಹದಿಮೂರರ ಹುಡುಗನಿಗೆ ರಾಯಲ್ ಕೆರಿಬಿಯನ್‌ನ ಬಂಡೆ ಹತ್ತುವ ಗೋಡೆ, ಕೃತಕ ಅಲೆಯ ಮೇಲೆ ಹಲಗೆ ಹಿಡಿದು ಸವಾರಿ ಮಾಡುವ ‘ಫ್ಲೋರೈಡರ್’ ಬೇಕು. 2021ರಲ್ಲಿ ಯಾನ ಶುರು ಮಾಡಿದ ಕಾರ್ನಿವಲ್‌ನ ‘ಮಾರ್ಡಿ ಗ್ರಾ’ ಹಡಗಿನ ಮೇಲೆ ರೋಲರ್ ಕೋಸ್ಟರ್ ಇದೆ, ಸಮುದ್ರದ ಮೇಲೆ ಮೊಟ್ಟಮೊದಲನೆಯದು. ನಾರ್ವೇಜಿಯನ್ ಕಂಪನಿಯ ಕೆಲವು ಹಡಗುಗಳ ಮೇಲ್ಡೆಕ್ಕಿನಲ್ಲಿ ಗೋ-ಕಾರ್ಟ್ ಓಡಿಸುವ ರಸ್ತೆಯೇ ಇದೆ. ಇಂಥವಕ್ಕೆ ಎತ್ತರದ ಮಿತಿ ಇರುತ್ತದೆ. ಮಗುವಿಗೆ ಆಸೆ ಹುಟ್ಟಿಸುವ ಮೊದಲು ಗೋಡೆಗೆ ನಿಲ್ಲಿಸಿ ಅಳತೆ ನೋಡುವುದು ಕ್ಷೇಮ.

ಇನ್ನು ಊಟ. ಕ್ರೂಸ್ ಎಂದರೆ ತಿನ್ನುವ ಹಬ್ಬ ಎಂಬ ಮಾತು ಸುಳ್ಳಲ್ಲ. ಆದರೆ ಸಸ್ಯಾಹಾರಿ ಕುಟುಂಬ ಆ ಹಬ್ಬದಲ್ಲಿ ಬಾಳೆಲೆಯ ತುದಿಗೆ ಕುಳಿತ ನೆಂಟರ ಸ್ಥಿತಿಗೆ ಬರಬಾರದು ಎಂದರೆ ಒಂದು ಗುಟ್ಟು ತಿಳಿದಿರಬೇಕು: ಮೊದಲ ರಾತ್ರಿಯೇ ಹೆಡ್ ವೇಟರ್ ಹತ್ತಿರ ಮಾತಾಡುವುದು. ದೊಡ್ಡ ಹಡಗುಗಳ ಅಡುಗೆಮನೆಯಲ್ಲಿ ಭಾರತೀಯ ಬಾಣಸಿಗರು ಇಲ್ಲದಿರುವುದೇ ಅಪರೂಪ. ಮೆನುವಿನಲ್ಲಿ ಇಲ್ಲದ ದಾಲ್, ಪಲ್ಯ, ಚಪಾತಿ ಮರುದಿನದ ರಾತ್ರಿಗೆ ಮೇಜಿಗೆ ಬರುವುದು ಹೀಗೆ ಕೇಳಿಕೊಂಡವರಿಗೆ. ಡಿಸ್ನಿ ಮತ್ತು ರಾಯಲ್ ಕೆರಿಬಿಯನ್ ಈ ವಿಷಯದಲ್ಲಿ ಭಾರತೀಯರ ನಡುವೆ ಒಳ್ಳೆಯ ಹೆಸರು ಪಡೆದಿವೆ. ‘ಇಂಡಿಯನ್ ವೆಜ್’ ಎಂದರೆ ಬಹುಪಾಲು ಪನೀರು, ನಾನ್ ಎಂದೇ ಅರ್ಥ. ಹುಳಿ, ಸಾರಿನ ನಿರೀಕ್ಷೆ ಬೇಡ. ಬಫೆಯಲ್ಲಿ ಬಿಳಿ ಅನ್ನ, ಸಪ್ಪೆ ಮೊಸರು ಸಿಗುತ್ತವೆ. ಒಗ್ಗರಣೆಯಿಲ್ಲದ ಮೊಸರನ್ನಕ್ಕೆ ಅಜ್ಜಿ ಒಗ್ಗಿಕೊಂಡರೆ ಅರ್ಧ ಯುದ್ಧ ಗೆದ್ದ ಹಾಗೆ.

ಅಕ್ಕಿ ಕುಕ್ಕರ್, ಕೆಟಲ್ ಒಯ್ಯುವ ಯೋಚನೆ ಬಿಡಬೇಕು. ಬೆಂಕಿಯ ಭಯದಿಂದ ಬಿಸಿ ಮಾಡುವ ಉಪಕರಣಗಳನ್ನು ಹಡಗು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಮಾಡಿದ ತಿಂಡಿಗೂ ಬಿಡುವುದಿಲ್ಲ. ಅಂಗಡಿಯಲ್ಲಿ ಸೀಲ್ ಆದ, ಕೆಡದ ಪೊಟ್ಟಣಗಳಿಗೆ ಅಡ್ಡಿಯಿಲ್ಲ; ಚಟ್ನಿಪುಡಿ ಅಂಥದ್ದೊಂದು ಪೊಟ್ಟಣದಲ್ಲಿದ್ದರೆ ಪಾರಾದ ಹಾಗೆ. ಮಕ್ಕಳ ಕ್ಲಬ್ಬಿನಲ್ಲಿ, ಸಿಹಿ ತಿನಿಸಿನ ಕೌಂಟರಿನಲ್ಲಿ ಸಿಗುವ ಜೆಲ್ಲಿ, ಮಾರ್ಷ್‌ಮ್ಯಾಲೋಗಳಲ್ಲಿ ಸಾಮಾನ್ಯವಾಗಿ ಜಿಲೆಟಿನ್ ಇರುತ್ತದೆ, ಅದು ಪ್ರಾಣಿಮೂಲದ್ದು. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಮಗುವನ್ನು ಸೇರಿಸುವಾಗ ನೋಂದಣಿ ಅರ್ಜಿಯಲ್ಲೇ ಬರೆಸಬೇಕು.

ಊಟವನ್ನೇ ಆಟ ಮಾಡುವ ಕಲೆಯಲ್ಲಿ ಡಿಸ್ನಿಯನ್ನು ಮೀರಿಸಿದವರಿಲ್ಲ. ಹೆಚ್ಚಿನ ಹಡಗುಗಳಲ್ಲಿ ಮೂರು ಮುಖ್ಯ ಭೋಜನಶಾಲೆಗಳು. ಕುಟುಂಬ ದಿನಕ್ಕೊಂದಕ್ಕೆ ಹೋಗುತ್ತದೆ, ಬಡಿಸುವವರೂ ಜೊತೆಯಲ್ಲೇ ಬರುತ್ತಾರೆ. ಎರಡನೆಯ ದಿನಕ್ಕೆ ಮಗುವಿನ ಹೆಸರು, ಅದಕ್ಕೆ ಹಾಲು ತಣ್ಣಗಿರಬೇಕೋ ಬಿಸಿಯಾಗಿರಬೇಕೋ ಎಂಬುದು ಅವರಿಗೆ ಗೊತ್ತು. ಡಿಸ್ನಿ ಫ್ಯಾಂಟಸಿ, ಡಿಸ್ನಿ ಮ್ಯಾಜಿಕ್ ಹಡಗುಗಳ ‘ಆ್ಯನಿಮೇಟರ್ಸ್ ಪ್ಯಾಲೆಟ್’ ಭೋಜನಶಾಲೆಯಲ್ಲಿ ಊಟಕ್ಕೆ ಬಂದವರಿಗೆ ಕಾಗದ, ಪೆನ್ನು ಕೊಟ್ಟು ಒಂದು ಗೊಂಬೆ ಬರೆಯಲು ಹೇಳುವ ರಾತ್ರಿಯೊಂದಿದೆ. ಊಟ ಮುಗಿಯುವ ಹೊತ್ತಿಗೆ ಅವೇ ಗೊಂಬೆಗಳು ಗೋಡೆಯ ಪರದೆಗಳ ಮೇಲೆ ಕುಣಿಯುತ್ತವೆ. ತಡವಾದ ಪಂಕ್ತಿಯಲ್ಲಿ ಕುಳಿತ ಮಕ್ಕಳಿಗೆ ಬೇಗ ಬಡಿಸಿ ಮುಗಿಸುತ್ತಾರೆ, ಕ್ಲಬ್ಬಿನವರು ಬಂದು ಅವರನ್ನು ಕರೆದೊಯ್ಯುತ್ತಾರೆ, ದೊಡ್ಡವರು ನಿಧಾನವಾಗಿ ಉಣ್ಣಬಹುದು. ಇಷ್ಟಕ್ಕೆ ಬೆಲೆಯೂ ಇದೆ. ಅಷ್ಟೇ ದಿನಗಳ ಯಾನಕ್ಕೆ ಡಿಸ್ನಿ ಸಾಮಾನ್ಯವಾಗಿ ಉಳಿದವರಿಗಿಂತ ಸಾಕಷ್ಟು ದುಬಾರಿ.

ಯುರೋಪಿನಲ್ಲಿ ಹತ್ತುವವರಿಗೆ ಎಂಎಸ್‌ಸಿ ಕಂಪನಿಯ ಆಕರ್ಷಣೆ ಬೇರೆ. ಇಬ್ಬರು ದೊಡ್ಡವರ ಜೊತೆ ಅದೇ ಕ್ಯಾಬಿನ್ನಿನಲ್ಲಿ ಇರುವ ಮಕ್ಕಳಿಗೆ ಅನೇಕ ಯಾನಗಳಲ್ಲಿ ಟಿಕೆಟ್ ಹಣವಿಲ್ಲ, ಬಂದರು ತೆರಿಗೆ ಕಟ್ಟಿದರಾಯಿತು. ಆಟಿಕೆಗೆ ಲೆಗೊ, ಕೂಸುಗಳ ಕೋಣೆಗೆ ಚಿಕ್ಕೊ ಕಂಪನಿಯ ಸಹಯೋಗವಿದೆ. ಮೆಡಿಟರೇನಿಯನ್ ಯಾನಗಳಲ್ಲಿ ಪ್ರತಿ ಪ್ರಕಟಣೆಯೂ ಐದಾರು ಭಾಷೆಗಳಲ್ಲಿ ಮೊಳಗುತ್ತದೆ. ಮಲಗಿದ ಮಗು ಎದ್ದರೆ ಅದಕ್ಕೆ ಪರಿಹಾರವಿಲ್ಲ.

ಸೇವೆಯ ಗುಣವನ್ನು ಅಳೆಯಲು ಪ್ರವಾಸಿ ಲೇಖಕರು ಬಳಸುವ ಮಾಪಕ ಒಬ್ಬ ಸಿಬ್ಬಂದಿಗೆ ಎಷ್ಟು ಪ್ರಯಾಣಿಕರು ಎಂಬುದು. ಕ್ಯಾಬಿನ್ನಿಗೆ ಇಬ್ಬರಂತೆ ಐಕಾನ್‌ನಲ್ಲಿ 5,610 ಪ್ರಯಾಣಿಕರು, ಸುಮಾರು 2,350 ಸಿಬ್ಬಂದಿ: ಒಬ್ಬರಿಗೆ 2.4 ಜನ. ಡಿಸ್ನಿ ಡ್ರೀಮ್‌ನಲ್ಲಿ 2,500ಕ್ಕೆ 1,458: ಒಬ್ಬರಿಗೆ 1.7. ಕೇಳಲು ಚೆನ್ನಾಗಿದೆ. ಆದರೆ ಕುಟುಂಬದ ಹಡಗಿನಲ್ಲಿ ಕ್ಯಾಬಿನ್ನಿಗೆ ಇಬ್ಬರೇ ಇರುವುದೆಲ್ಲಿ? ಬೇಸಿಗೆ ರಜೆಯಲ್ಲಿ ಡ್ರೀಮ್ ಪೂರ್ತಿ ತುಂಬಿ 4,000 ಆದರೆ ಲೆಕ್ಕ 2.7ಕ್ಕೆ ಏರುತ್ತದೆ, ಐಕಾನ್‌ನದು 3.2ಕ್ಕೆ. ಡಿಸ್ನಿಯೇ ಮುಂದೆ, ಆದರೆ ಅಂತರ ಕಾಗದದ ಮೇಲೆ ಕಂಡಷ್ಟಿಲ್ಲ. ಶಾಲೆಗೆ ರಜೆಯಿಲ್ಲದ ವಾರಗಳಲ್ಲಿ ಹೋಗಲು ಸಾಧ್ಯವಿರುವ ಚಿಕ್ಕ ಮಕ್ಕಳ ಮನೆಯವರಿಗೆ ದರದಲ್ಲೂ ಸೇವೆಯಲ್ಲೂ ಲಾಭ.

ಆ ಸಿಬ್ಬಂದಿಯಲ್ಲಿ ಫಿಲಿಪ್ಪೀನ್ಸ್, ಇಂಡೊನೇಷ್ಯಾದವರ ಜೊತೆಗೆ ಭಾರತೀಯರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಮುಂಬೈ, ಗೋವಾ ಮಾತ್ರವಲ್ಲ, ಮಂಗಳೂರು, ಉಡುಪಿ ಕಡೆಯ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗರಿಗೂ ಹಡಗಿನ ಕೆಲಸ ಪರಿಚಿತ ದಾರಿ. ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವ ಇವರ ಸಂಪಾದನೆಯಲ್ಲಿ ಟಿಪ್ಸ್ ದೊಡ್ಡ ಭಾಗ. ಅಮೆರಿಕದ ಕಂಪನಿಗಳು ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುತ್ತವೆ, ಮಕ್ಕಳ ತಲೆಯನ್ನೂ ಎಣಿಸಿ. ನಾಲ್ವರ ಕುಟುಂಬಕ್ಕೆ ಏಳು ರಾತ್ರಿಗೆ ಇದೇ 450ರಿಂದ 560 ಡಾಲರ್. ಮೂರು ವರ್ಷದ ಮಗುವಿಗೇಕೆ ಟಿಪ್ಸ್ ಎಂದು ತಕರಾರು ತೆಗೆಯುವವರಿದ್ದಾರೆ. ಮೇಜಿನಡಿ ಬಗ್ಗಿ ಪಾಸ್ತಾ ಹೆಕ್ಕುವ ವೇಟರನ್ನು ಒಮ್ಮೆ ನೋಡಿದವರು ಆ ಪ್ರಶ್ನೆ ಕೇಳುವುದಿಲ್ಲ.

ಅಮೆರಿಕ ದೂರವಾಯಿತು ಎನ್ನುವವರಿಗೆ ಸಿಂಗಾಪುರವಿದೆ. ಅಲ್ಲಿಂದ ಹೊರಡುವ ‘ಗೆಂಟಿಂಗ್ ಡ್ರೀಮ್’ ಹಡಗು ಭಾರತೀಯ ಸಸ್ಯಾಹಾರ, ಜೈನ ಊಟವನ್ನು ನಿತ್ಯದ ಬಫೆಯಲ್ಲೇ ಇಡುತ್ತದೆ, ಯಾರನ್ನೂ ಕೇಳಿಕೊಳ್ಳಬೇಕಾಗಿಲ್ಲ. ರಾಯಲ್ ಕೆರಿಬಿಯನ್ ಹಡಗುಗಳೂ ಋತುಮಾನ ನೋಡಿಕೊಂಡು ಅಲ್ಲಿಗೆ ಬರುತ್ತವೆ. ಡಿಸ್ನಿಯೂ ‘ಡಿಸ್ನಿ ಅಡ್ವೆಂಚರ್’ ಎಂಬ ಭಾರಿ ಹಡಗನ್ನು ಸಿಂಗಾಪುರಕ್ಕೆಂದೇ ಸಿದ್ಧಪಡಿಸಿತು. 2025ರ ಡಿಸೆಂಬರ್‌ನಲ್ಲಿ ಹೊರಡಬೇಕಿದ್ದ ಮೊದಲ ಯಾನ 2026ರ ಮಾರ್ಚ್‌ಗೆ ಮುಂದೂಡಿಕೆಯಾಯಿತು. ಅದರ ಹುಟ್ಟು ಸ್ವಾರಸ್ಯಕರ. ಗೆಂಟಿಂಗ್ ಹಾಂಕಾಂಗ್ ಸಂಸ್ಥೆ ಜರ್ಮನಿಯಲ್ಲಿ ಕಟ್ಟಿಸುತ್ತಿದ್ದ ‘ಗ್ಲೋಬಲ್ ಡ್ರೀಮ್’ ಅದು. 2022ರಲ್ಲಿ ಸಂಸ್ಥೆ ದಿವಾಳಿಯಾದಾಗ ಅರೆಬರೆ ಹಡಗನ್ನು ಡಿಸ್ನಿ ಕೊಂಡುಕೊಂಡಿತು. ಒಂದು ವಿಷಯ ನೆನಪಿರಲಿ: ಗೆಂಟಿಂಗ್ ಡ್ರೀಮ್‌ನಂಥ ಹಡಗು ಸಿಂಗಾಪುರ ಬಿಟ್ಟು ಮಲೇಷ್ಯಾಕ್ಕೋ ಥಾಯ್ಲೆಂಡಿಗೋ ಹೋಗಿ ಮತ್ತೆ ಅಲ್ಲಿಗೇ ಬರುವುದರಿಂದ ಒಂದೇ ಪ್ರವೇಶದ ವೀಸಾ ಸಾಲದು.

ಪಾಸ್‌ಪೋರ್ಟೇ ಇಲ್ಲದವರಿಗೆ ಮುಂಬೈಯ ಕಾರ್ಡೆಲಿಯಾ. 2021ರ ಸೆಪ್ಟೆಂಬರ್‌ನಲ್ಲಿ ಶುರುವಾದ ಇದರ ‘ಎಂಪ್ರೆಸ್’ ಹಡಗು 1990ರಲ್ಲಿ ರಾಯಲ್ ಕೆರಿಬಿಯನ್‌ಗೆ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಲ್ಲಿ ಬಂದದ್ದು. ಮಯಾಮಿಯಿಂದ ಬಹಾಮಾಸ್‌ಗೆ ಮೂರ್ನಾಲ್ಕು ರಾತ್ರಿಯ ಸಣ್ಣ ಯಾನಗಳಿಗೆಂದೇ ಮಾಡಿದ ಹಡಗು ಈಗ ಗೋವಾ, ಲಕ್ಷದ್ವೀಪ, ಕೊಚ್ಚಿಯ ಕಡೆಗೆ ಅಂಥದ್ದೇ ಸಣ್ಣ ಯಾನ ಮಾಡುತ್ತಿದೆ. ಗಾತ್ರದಲ್ಲಿ ಐಕಾನ್‌ನ ಐದನೇ ಒಂದು ಪಾಲು. ಜಾರುಬಂಡಿಗಳ ಲೋಕ ಇಲ್ಲಿಲ್ಲ, ಕ್ಯಾಬಿನ್‌ಗಳು ಹಳೆಯ ಕಾಲದ ಅಳತೆಯವು. ಊಟದ ಮಟ್ಟಿಗೆ ಮಾತ್ರ ಚಿಂತೆಯಿಲ್ಲ: ಜೈನ ಅಡುಗೆಯೂ ಸಿಗುತ್ತದೆ. ಸಮುದ್ರ ಮಗುವಿಗೆ ಒಗ್ಗುತ್ತದೋ ಇಲ್ಲವೋ, ತಲೆಸುತ್ತು ಬರುತ್ತದೋ ಎಂದು ಎರಡು ರಾತ್ರಿಯಲ್ಲಿ ನೋಡಿಬಿಡಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಬಿರುಸಾದಾಗ ಹಡಗು ಪೂರ್ವ ಕರಾವಳಿಗೆ ಹೋಗಿ ಚೆನ್ನೈನಿಂದ ಶ್ರೀಲಂಕಾ ಕಡೆಗೆ ಓಡಿದ ವರ್ಷಗಳೂ ಉಂಟು. ಆಗ ಮನೆಮಂದಿಗೆಲ್ಲ ಪಾಸ್‌ಪೋರ್ಟ್ ಬೇಕಾಗುತ್ತದೆ, ತೊಡೆಯ ಮೇಲಿನ ಕೂಸಿಗೂ.