ಹಲಗೆಯೊಳಗಿನ ಅಂಟು: ಒಲೆಗೂ ಬೇಡ, ಕೊಟ್ಟಿಗೆಗೂ ಬೇಡ



ಮುರಿದ ಕಪಾಟಿನ ಹಲಗೆಯನ್ನು ಬಚ್ಚಲೊಲೆಗೆ ಹಾಕಿ ನೀರು ಕಾಯಿಸಿದ್ದೀರಾ? ಬಡಗಿ ಅಂಗಡಿಯಿಂದ ಮರದ ಹೊಟ್ಟು ತಂದು ಕರುವಿನ ಕೆಳಗೆ ಹರಡಿದ್ದೀರಾ? ಗಟ್ಟಿ ಮರದ್ದಾದರೆ ಅಡ್ಡಿಯಿಲ್ಲ. ಆದರೆ ಪ್ಲೈವುಡ್, ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹಲಗೆಗಳು ಬರೀ ಮರವಲ್ಲ. ಮರದ ಪದರ, ಚೂರು ಅಥವಾ ನಾರನ್ನು ಅಂಟು ಹಾಕಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆಗಳು. ತೊಂದರೆ ಇರುವುದು ಆ ಅಂಟಿನಲ್ಲಿ.

ಮನೆಯೊಳಗಿನ ಪೀಠೋಪಕರಣಗಳ ಹಲಗೆಗೆ ಹೆಚ್ಚಾಗಿ ಬಳಸುವುದು ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿದ ಅಂಟು. ಎರಡೂ ನಿಮಗೆ ಗೊತ್ತಿರುವ ವಸ್ತುಗಳೇ. ಯೂರಿಯಾ ಎಂದರೆ ಹೊಲಕ್ಕೆ ಎರಚುವ, ಒಣಹುಲ್ಲಿನ ಉಪಚಾರಕ್ಕೆ ಬಳಸುವ ಅದೇ ಯೂರಿಯಾ. ಫಾರ್ಮಾಲ್ಡಿಹೈಡ್ ನೀರಿನಲ್ಲಿ ಕರಗಿದರೆ ಅದೇ ಫಾರ್ಮಾಲಿನ್. ದನದ ಗೊರಸು ಅದ್ದುವ, ಕಣ್ಣುರಿಸುವ ಆ ದ್ರಾವಣ. ಹೊಸ ಕಪಾಟಿನ ಬಾಗಿಲು ತೆರೆದಾಗ ಮೂಗಿಗೆ ಬಡಿಯುವ ಘಾಟು ಹಲವು ಬಾರಿ ಇದರದ್ದೇ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ತೀರ್ಮಾನಿಸಿತು.

ಇದಕ್ಕೂ ಮುಂಚೆ ಪ್ಲೈವುಡ್ ಅಂಟಿಸಲು ಏನು ಬಳಸುತ್ತಿದ್ದರು ಗೊತ್ತೇ? ಹಾಲು! ನೀವು ಸಂಘಕ್ಕೆ ಹಾಕುವ ಹಾಲಿನ ಎಸ್‌ಎನ್‌ಎಫ್‌ನಲ್ಲಿ ಕೇಸಿನ್ ಎಂಬ ಪ್ರೋಟೀನ್ ಇದೆ. ಹಾಲು ಒಡೆದಾಗ ಗಟ್ಟಿಯಾಗಿ ಉಳಿಯುವುದು ಅದೇ. ಕೇಸಿನ್‌ಗೆ ಸುಣ್ಣ ಬೆರೆಸಿದರೆ ಬಲವಾದ ಅಂಟು ಸಿದ್ಧ. ಮೊದಲ ಮಹಾಯುದ್ಧದ ಕಾಲದಲ್ಲಿ ಮರದ ವಿಮಾನಗಳನ್ನು ಇದರಿಂದಲೇ ಜೋಡಿಸುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ‘ಮಾಸ್ಕಿಟೊ’ ಎಂಬ ಮರದ ವಿಮಾನಕ್ಕೂ ಮೊದಮೊದಲು ಕೇಸಿನ್ ಅಂಟನ್ನೇ ಹಾಕಿದರು. ಆದರೆ ಬಿಸಿಲು, ತೇವ ಹೆಚ್ಚಿರುವ ಕಡೆ ಈ ಅಂಟು ಬಾಳಿಕೆ ಬರುವುದಿಲ್ಲ. ಬೂಸ್ಟು ಹಿಡಿದು ಸಡಿಲಾಗುತ್ತದೆ. ಹೀಗಾಗಿ ಯೂರಿಯಾ ಅಂಟು ಅದರ ಜಾಗಕ್ಕೆ ಬಂತು.

ಯೂರಿಯಾ ಅಂಟು ಅಗ್ಗ, ಬೇಗ ಗಟ್ಟಿಯಾಗುತ್ತದೆ. ಆದರೆ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಹಳೆಯ ಹಲಗೆಯನ್ನು ಚೂರು ಮಾಡಿದರೂ ಚೂರಿನ ಜೊತೆ ಅಂಟು ಉಳಿಯುತ್ತದೆ. ಇಟಲಿಯಂಥ ದೇಶಗಳಲ್ಲಿ ಹಳೆಯ ಮರದ ಸಾಮಾನು ಸಂಗ್ರಹಿಸಿ ಹೊಸ ಪಾರ್ಟಿಕಲ್ ಬೋರ್ಡ್ ಮಾಡುತ್ತಾರೆ. ಅಂಟು ನಿರಪಾಯವಾದಷ್ಟೂ ಈ ಮರುಬಳಕೆ ಸುಲಭ.

ಅದಕ್ಕೇ ಈಗ ಮತ್ತೆ ಸಸ್ಯಮೂಲದ ಅಂಟಿನ ಕಡೆ ಗಮನ ಹರಿದಿದೆ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯವೊಂದರ ವಿಜ್ಞಾನಿ ಕೈಚಾಂಗ್ ಲಿ, ಸಮುದ್ರದ ಅಲೆಗಳ ನಡುವೆಯೂ ಬಂಡೆ ಬಿಡದ ಚಿಪ್ಪುಜೀವಿಯಿಂದ ಪಾಠ ಕಲಿತು, ಸೋಯಾ ಹಿಟ್ಟಿಗೆ ತೇವ ತಡೆಯುವ ರಾಳ ಸೇರಿಸಿ ಫಾರ್ಮಾಲ್ಡಿಹೈಡ್ ಇಲ್ಲದ ಅಂಟು ರೂಪಿಸಿದರು. 2005ರಿಂದ ಅಲ್ಲಿನ ಪ್ಲೈವುಡ್ ಕಾರ್ಖಾನೆಗಳಲ್ಲಿ ಅದು ಬಳಕೆಯಲ್ಲಿದೆ. ಎಣ್ಣೆ ತೆಗೆದು ಉಳಿದ ಸೋಯಾ, ನಮ್ಮ ಪಶು ಆಹಾರಕ್ಕೂ ಬೇಕಾದದ್ದು, ಅಲ್ಲಿ ಹಲಗೆಯನ್ನೂ ಹಿಡಿದಿಡುತ್ತಿದೆ.

ಅಂಥ ಹಲಗೆ ನಮ್ಮೂರಿನ ಅಂಗಡಿಗಳಲ್ಲಿ ಸಾಮಾನ್ಯವಾಗುವವರೆಗೆ ಈ ಎಚ್ಚರಿಕೆಗಳಿರಲಿ:

• ಪ್ಲೈವುಡ್, ಪಾರ್ಟಿಕಲ್ ಬೋರ್ಡ್ ಚೂರುಗಳನ್ನು ಒಲೆಗೆ ಹಾಕಬೇಡಿ. ಅಂಟು, ಬಣ್ಣ, ಪ್ಲಾಸ್ಟಿಕ್ ಹೊದಿಕೆ ಉರಿದ ಹೊಗೆ ವಿಷಕಾರಿ. ಅದನ್ನು ಮೊದಲು ಕುಡಿಯುವವರು ಒಲೆಯ ಮುಂದೆ ಕೂರುವ ನೀವು, ನಿಮ್ಮ ಮಕ್ಕಳು. ಆ ಬೂದಿಯಿಂದ ಹಾಲಿನ ಪಾತ್ರೆ ಉಜ್ಜಬೇಡಿ.

• ಬಡಗಿ ಅಂಗಡಿಯ ಹೊಟ್ಟು ತರುವಾಗ ‘ಇದು ಗಟ್ಟಿ ಮರದ್ದೇ, ಹಲಗೆಯದ್ದೇ?’ ಎಂದು ಕೇಳಿ. ಹಲಗೆಯ ಹೊಟ್ಟಿನಲ್ಲಿ ಅಂಟು, ಹುಳು ತಡೆಯುವ ಔಷಧಿ ಇರಬಹುದು. ಕರು ಬಾಯಿಗೆ ಸಿಕ್ಕಿದ್ದನ್ನೆಲ್ಲ ನೆಕ್ಕುತ್ತದೆ. ಗಟ್ಟಿ ಮರದ ಹೊಟ್ಟಾದರೂ ಒಣಗಿರಲಿ. ಒದ್ದೆಯಾದರೆ ಕೆಚ್ಚಲು ಬಾವಿಗೆ ದಾರಿ.

• ಹೊಸ ಕಪಾಟು ಕೊಳ್ಳುವಾಗ ‘ಇ-1’ ಅಥವಾ ‘ಇ-0’ ದರ್ಜೆಯ ಹಲಗೆ ಕೇಳಿ. ಇವು ಕಡಿಮೆ ಫಾರ್ಮಾಲ್ಡಿಹೈಡ್ ಹೊರಬಿಡುವ ಹಲಗೆಗಳು. ಕೆಲವು ವಾರ ಕಿಟಕಿ ತೆರೆದಿಡಿ.

• ಹಳೆಯ ಹಲಗೆಯನ್ನು ಒಣಜಾಗದ ಅಟ್ಟಕ್ಕೋ ಗೂಡಿಗೋ ಬಳಸಿ.

ಮಕ್ಕಳಿಗೆ ಹಾಲಿನ ಅಂಟು ತೋರಿಸಬೇಕೇ? ಒಡೆದುಹೋದ ಒಂದು ಲೋಟ ಹಾಲನ್ನು ಚೆಲ್ಲದೆ, ನಿಂಬೆರಸ ಹಿಂಡಿ ಪೂರ್ತಿ ಒಡೆಸಿ, ಬಟ್ಟೆಯಲ್ಲಿ ಹಿಂಡಿ. ಚಿಟಿಕೆ ಅಡುಗೆ ಸೋಡಾ, ಸ್ವಲ್ಪ ನೀರು ಹಾಕಿ ನುಣ್ಣಗೆ ಕಲಸಿ. ನೋಟ್‌ಬುಕ್ಕಿನ ಹರಿದ ರಟ್ಟು ಅಂಟಿಸಲು ಅಷ್ಟು ಸಾಕು. ಅಂದಂದೇ ಬಳಸಿ, ಇಟ್ಟರೆ ನಾರುತ್ತದೆ.