ಹತ್ತು ಪೌಂಡಿನ ಮನೆ

1896ರಲ್ಲಿ ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟ್ ಮೊಟ್ಟಮೊದಲು ಕೊಂಡ ಕಟ್ಟಡದ ಬೆಲೆ ಬರೀ 10 ಪೌಂಡ್. ಸಸೆಕ್ಸ್‌ನ ಆಲ್‌ಫ್ರಿಸ್ಟನ್ ಹಳ್ಳಿಯಲ್ಲಿ, ಚರ್ಚಿನ ಮಗ್ಗುಲಲ್ಲೇ ಇರುವ ಆ ಹುಲ್ಲುಚಾವಣಿಯ ಮನೆಗೆ ಕ್ಲರ್ಜಿ ಹೌಸ್ ಎಂದು ಹೆಸರು. ಪಾದ್ರಿಗಳು ಅದನ್ನು ಬಿಟ್ಟು ತಲೆಮಾರುಗಳೇ ಕಳೆದಿದ್ದವು. ಮನೆಯನ್ನು ಹೋಳು ಮಾಡಿ ಕೂಲಿಕಾರರಿಗೆ ಬಾಡಿಗೆಗೆ ಕೊಟ್ಟಿದ್ದರು.

14ನೇ ಶತಮಾನದಲ್ಲಿ ಕಟ್ಟಿದಾಗ ಅದು ಅನುಕೂಲಸ್ಥರ ಮನೆ. ಕೆಂಟ್, ಸಸೆಕ್ಸ್ ಕಡೆ ಹೆಚ್ಚಾಗಿ ಕಾಣುವ ಈ ಬಗೆಗೆ ವೀಲ್ಡನ್ ಮನೆ ಎನ್ನುತ್ತಾರೆ. ನಡುವೆ ನೆಲದಿಂದ ಸೂರಿನವರೆಗೂ ತೆರೆದ ದೊಡ್ಡ ಪಡಸಾಲೆ, ಎರಡು ತುದಿಗೂ ಉಪ್ಪರಿಗೆಯುಳ್ಳ ಕೋಣೆಗಳು. ಆ ಉಪ್ಪರಿಗೆಗಳು ಒಂದಿಷ್ಟು ಮುಂದಕ್ಕೆ ಚಾಚಿರುತ್ತವೆ. ಎಲ್ಲಕ್ಕೂ ಸೇರಿ ಚಾವಣಿ ಒಂದೇ. ಹಾಗಾಗಿ ಪಡಸಾಲೆ ಒಳಸರಿದಂತೆ ಕಾಣುತ್ತದೆ. ಬೆಂಕಿ ಪಡಸಾಲೆಯ ನಟ್ಟನಡುವೆ, ಚಿಮಣಿ ಇಲ್ಲ. ಹೊಗೆ ಮೇಲೇರಿ ಸಂದುಗೊಂದಿಯಲ್ಲಿ ದಾರಿ ಹುಡುಕಿಕೊಳ್ಳಬೇಕು. ಹಳೆಯ ಮನೆಗಳನ್ನು ಓದಬಲ್ಲವರು ಅಟ್ಟ ಹತ್ತಿ ಮೊದಲು ಟಾರ್ಚ್ ಬಿಡುವುದು ಜಂತೆಗಳ ಮೇಲೆ. ಅಲ್ಲಿ ಮಸಿ ಗಟ್ಟಿಯಾಗಿ ಕೂತಿದ್ದರೆ, ಕೆಳಗೆ ಎಷ್ಟು ಕೋಣೆಗಳಿರಲಿ, ಅದು ಒಂದು ಕಾಲದ ಪಡಸಾಲೆ.

ಕಂಬ, ತೊಲೆ ಎಲ್ಲ ಹಸಿ ಓಕ್. ಹಸಿಯಿದ್ದಾಗ ಉಳಿಗೆ ಬಗ್ಗುತ್ತದೆ, ಒಣಗುತ್ತ ಕೂಡಿಕೆಗಳನ್ನು ಬಿಗಿಯುತ್ತದೆ. ಬಡಗಿಗಳು ಚೌಕಟ್ಟನ್ನು ಮೊದಲು ನೆಲದ ಮೇಲೆ ಜೋಡಿಸಿ ನೋಡಿ, ಪ್ರತಿ ಕೂಡಿಕೆಗೂ ರೋಮನ್ ಅಂಕಿಯಂಥ ಗುರುತು ಗೀರಿ, ಬಿಚ್ಚಿ ಸಾಗಿಸಿ, ಮರದ ಗೂಟ ಬಡಿದು ನಿಲ್ಲಿಸುತ್ತಿದ್ದರು. ಆ ಗೀರುಗಳು ಎಷ್ಟೋ ತೊಲೆಗಳ ಮೇಲೆ ಇಂದಿಗೂ ಕಾಣುತ್ತವೆ. ಕಂಬಗಳ ನಡುವೆ ತಡಿಕೆ ಹೆಣೆದು ಮಣ್ಣು ಮೆತ್ತಿದರೆ ಗೋಡೆ. ಭಾರ ಹೊರುವುದು ಚೌಕಟ್ಟು, ಗೋಡೆ ಬರೀ ಮರೆ. ಅಂಕಣ ಅಂಕಣವಾಗಿ ಎದ್ದ ಇಂಥ ಮನೆಯನ್ನು ಅಂಕಣ ಅಂಕಣವಾಗಿಯೇ ಪಾಲು ಮಾಡಬಹುದು.

ಅದಕ್ಕೆ ದಾರಿ ಮಾಡಿದ್ದು ಇಟ್ಟಿಗೆಯ ಚಿಮಣಿ. ತನ್ನೂರಿನ ಮುದುಕರು ಚಿಮಣಿಗಳು ಹೆಚ್ಚಿದ್ದನ್ನು ಕಂಡು ಬೆರಗಾಗುತ್ತಿದ್ದರೆಂದು ವಿಲಿಯಂ ಹ್ಯಾರಿಸನ್ ಎಂಬ ಲೇಖಕ 16ನೇ ಶತಮಾನದಲ್ಲೇ ಬರೆದಿದ್ದಾನೆ. ಹೊಗೆ ಕೊಳವೆ ಸೇರಿದ ಮೇಲೆ ಪಡಸಾಲೆಯ ಎತ್ತರ ಯಾರಿಗೆ ಬೇಕು? ನಡುವೆ ತೊಲೆ ಹಾಕಿ ಮಹಡಿ ಮಾಡಿದರು. ಮುಂದೆ ಉಳ್ಳವರು ಹೊಸ ಮಾದರಿಯ ಮನೆಗಳಿಗೆ ಹೋದರು; ಹಳೆಯ ಮನೆಗಳು ಎಷ್ಟೋ ಕಡೆ ಕೂಲಿಕಾರರ ಪಾಲಾದವು. ಒಂದು ಚಿಮಣಿಯ ಎರಡು ಬದಿಗೆ ಎರಡು ಒಲೆ, ಎರಡು ಸಂಸಾರ. ಇನ್ನೊಂದು ಬಾಗಿಲು, ಕಡಿದಾದ ಇನ್ನೊಂದು ಏಣಿಮೆಟ್ಟಿಲು, ಅಷ್ಟೇ ಖರ್ಚು. ಈ ಬಡತನವೇ ಮನೆಗಳನ್ನು ಉಳಿಸಿತು ಎಂಬುದು ನನ್ನ ಎಣಿಕೆ. ಕೈಯಲ್ಲಿ ಹಣವಿದ್ದ ಮಾಲೀಕ ಕೆಡವಿ ಹೊಸದು ಕಟ್ಟುತ್ತಿದ್ದ.

ಆಲ್‌ಫ್ರಿಸ್ಟನ್ ಮನೆಯನ್ನೂ ಕೆಡವುವ ಮಾತು 1880ರ ದಶಕದಲ್ಲಿ ಬಂದಿತ್ತು. ಊರಿನ ಪಾದ್ರಿ ಬೈನನ್, ವಿಲಿಯಂ ಮಾರಿಸ್ 1877ರಲ್ಲಿ ಕಟ್ಟಿದ್ದ ಪುರಾತನ ಕಟ್ಟಡಗಳ ಸಂರಕ್ಷಣಾ ಸಂಘದ ಬಾಗಿಲು ತಟ್ಟಿದರು. ಕೊನೆಗೆ ಅದು ಆಕ್ಟೇವಿಯಾ ಹಿಲ್ ಮತ್ತು ಸಂಗಡಿಗರು 1895ರಲ್ಲಷ್ಟೇ ಹುಟ್ಟುಹಾಕಿದ್ದ ಟ್ರಸ್ಟ್‌ನ ಕೈಸೇರಿತು. ದುರಸ್ತಿಗೆ ಕೊಂಡ ಬೆಲೆಯ ಎಷ್ಟೋ ಪಟ್ಟು ಹಣ ಬೇಕಾಯಿತು. ಪಡಸಾಲೆಯ ನೆಲ ಸುಣ್ಣಕಲ್ಲಿನ ಪುಡಿಯನ್ನು ಧಮ್ಮಸ್ಸು ಮಾಡಿ, ಹುಳಿಹಾಲು ಬಳಿದು ಗಟ್ಟಿಸಿದ್ದು.

ಇಂಥ ಮನೆಗಳನ್ನು ಯಾವ ಕಾಲಕ್ಕೆ ಮರಳಿಸಬೇಕು ಎಂಬ ಜಗಳ ಮಾತ್ರ ಮುಗಿದಿಲ್ಲ. ಕೆಂಟ್‌ನಲ್ಲಿ ಜಲಾಶಯಕ್ಕೆ ಜಾಗ ಬಿಡಬೇಕಾದ, ಬೇಲೀಫ್ ಎಂಬ ಇಂಥದೇ ಮನೆಯನ್ನು 1960ರ ದಶಕದ ಕೊನೆಗೆ ಬಿಚ್ಚಿ, ಸಸೆಕ್ಸ್‌ನ ಸಿಂಗಲ್‌ಟನ್ ವಸ್ತುಸಂಗ್ರಹಾಲಯದಲ್ಲಿ ಮರುಜೋಡಿಸಿದಾಗ, ನಂತರ ಸೇರಿದ್ದ ಚಿಮಣಿಯನ್ನು ಕೈಬಿಟ್ಟು ಪಡಸಾಲೆಯನ್ನು ಮತ್ತೆ ತೆರೆದರು. ನೋಡಲು ಭವ್ಯ, ನಿಜ. ಆದರೆ ಚಿಮಣಿಯ ಕಾಲ ಅಲ್ಲಿ ಕಾಣುವುದಿಲ್ಲ. ಇನ್ನೂ ಹೋಳಾಗಿಯೇ ಉಳಿದ ಮನೆಗಳಲ್ಲಿ ಹಾಗಲ್ಲ. ಅಲ್ಲಿ ಒಂದೇ ಚಾವಣಿಗೆ ಇಬ್ಬರು ಮಾಲೀಕರು, ಹುಲ್ಲು ಹೊದಿಸಬೇಕಾದ ವರ್ಷ ಇಬ್ಬರೂ ಮಾತಾಡಿಕೊಳ್ಳಲೇಬೇಕು.